ಕಿತ್ತಳೆ ತೇಲಿಬಿಡುತ್ತಿದ್ದವರು

ಕಳೆದ ವಾರ ಶಿವಾಜಿನಗರದ ಮಾರುಕಟ್ಟೆಗೆ ಹೋಗಿದ್ದೆ. ಹಣ್ಣಿನ ಸಾಲು ಮುಟ್ಟಬೇಕಾದರೆ ಮೀನಿನ ಸಾಲನ್ನು ದಾಟಲೇಬೇಕು. ನಾನು ಕಲಬುರಗಿ ಕಡೆಯ ರೊಟ್ಟಿ, ಪುಂಡಿಪಲ್ಯದ ಹೆಂಗಸು. ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲಿ ಓಡುವ ಹಾಗೆ ನಡೆಯುತ್ತೇನೆ. ಹಿಂದಿನಿಂದ ಯಾರೋ ಕೂಗಿದರು.

"ಅಮ್ಮಾ, ಓ ಅಮ್ಮಾ! ಸಾಬ್ ಎಲ್ಲಿ? ವರ್ಷ ಆಗೋಯ್ತು, ಈ ಕಡೆ ಬಂದೇ ಇಲ್ಲ."

ಮೀನಿನ ಅಂಗಡಿಯ ಭಾಯ್. ಅವನು ಕೇಳಿದ್ದು ನಮ್ಮ ಮಹಡಿಯ ಬಾಡಿಗೆದಾರರನ್ನು; ಒಂದೆರಡು ಸಲ ಅವರ ಜೊತೆ ನನ್ನನ್ನೂ ನೋಡಿದ್ದ.

"ಹೋದ್ ವರ್ಷ ಮಳೆಗಾಲದಾಗ ತೀರ್ಕೊಂಡ್ರಪ್ಪಾ," ಅಂದೆ.

ಅವನು ಕೈಯಲ್ಲಿದ್ದ ಮಂಜುಗಡ್ಡೆಯ ಚೂರನ್ನು ಬಂಗಡೆ ರಾಶಿಯ ಮೇಲೆ ಸುರಿದು, ಕೈ ಒರೆಸಿಕೊಂಡ. "ಮೀನು ತಗೊಂಡಿದ್ದು ಕಮ್ಮಿ, ಕೇಳಿದ್ದೇ ಜಾಸ್ತಿ. ಒಳ್ಳೇವ್ರು ಅಮ್ಮಾ," ಅಂದ.

ಆ ಮಾತನ್ನು ನಾನು ಅವನಷ್ಟು ಸಲೀಸಾಗಿ ಹೇಳಲಾರೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಿಲ್ಲವಲ್ಲ ಎಂಬ ಸಂಕಟವೂ ಇದೆ. ಎರಡನ್ನೂ ಬೇರೆ ಬೇರೆ ಮಾಡಲು ಹೋಗಿ ಸೋತಿದ್ದೇನೆ. ಹೆಸರು ಬರೆಯುವುದಿಲ್ಲ. ಒಂದು ವರದಿಯ ಕೊನೆಯ ಪುಟದಲ್ಲಿ ಅವರ ಸಹಿ ಇದೆ, ಅದೇ ಸಾಕಾಗಿದೆ.

ರಾಮಮೂರ್ತಿ ನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅವರು ಆರು ವರ್ಷ ಬಾಡಿಗೆಗಿದ್ದರು. ಒಂಟಿ ಜೀವ. ನಾನು ಅವರನ್ನು 'ಸರ್' ಎನ್ನುತ್ತಿದ್ದೆ, ಅವರು ನನಗೆ 'ಅಮ್ಮಾ' ಎನ್ನುತ್ತಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರಾದರೂ. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಮನೆಮಾತು ತಮಿಳು, ಬೈಯುವುದಕ್ಕೆ ಇಂಗ್ಲಿಷ್, ಉಳಿದಿದ್ದಕ್ಕೆಲ್ಲ ಕನ್ನಡ. ನದಿ ಸಮುದ್ರ ಸೇರುವ ಜಾಗಗಳನ್ನು ಅಳೆದು, ಎಲ್ಲಿ ತಡೆಗೋಡೆ ಕಟ್ಟಬೇಕು, ಎಲ್ಲಿ ಬಂದರು ಮಾಡಬೇಕು ಎಂದು ವರದಿ ಕೊಡುವ ಒಂದು ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ನಗು ಬರುವ ವಿಷಯವೆಂದರೆ ಅವರಿಗೆ ಈಜು ಬರುತ್ತಿರಲಿಲ್ಲ. "ಹಲಸೂರು ಕೆರೇಲಿ ಯಾರಮ್ಮಾ ಈಜು ಕಲೀತಾರೆ? ಕಾಲಿಟ್ರೆ ಕಜ್ಜಿ," ಎನ್ನುತ್ತಿದ್ದರು. ಮೂವತ್ತು ವರ್ಷ ಸಮುದ್ರ ಅಳೆದ ಮನುಷ್ಯ ಮೊಣಕಾಲಿಗಿಂತ ಮೇಲೆ ನೀರು ಬಂದರೆ ದಡಕ್ಕೆ ಓಡುತ್ತಿದ್ದರಂತೆ.

ಮಾರುಕಟ್ಟೆಯಲ್ಲಿ ಅವರು ಮೀನು ಕೊಳ್ಳುವ ರೀತಿ ನೋಡಬೇಕಿತ್ತು. ಕಿವಿರು ಎತ್ತಿ ನೋಡುವುದು, ಬೆರಳಲ್ಲಿ ಒತ್ತುವುದು ಎಲ್ಲರೂ ಮಾಡುತ್ತಾರೆ. ಇವರು "ಯಾವ ದಡದ್ದು? ಎಷ್ಟು ದೂರ ಹೋಗಿದ್ರಂತೆ?" ಎಂದು ಶುರು ಮಾಡುತ್ತಿದ್ದರು. ಭಾಯ್ ಹೊಟ್ಟೆ ಸೀಳಿದ ಮೇಲೆ ಒಳಗೇನಿದೆ ತೋರಿಸು ಎನ್ನುತ್ತಿದ್ದರು. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಿದ್ದರು. ಒಂದು ವರ್ಷ ಮಳೆ ಮುಗಿದ ಮೇಲೆ ತಾರ್ಲೆ ಮೀನು ಮಾರುಕಟ್ಟೆಗೆ ಬರಲೇ ಇಲ್ಲ. ಅವರು ಮೆಟ್ಟಿಲ ಮೇಲೆ ಕೂತು ನನಗೆ ಪಾಠ ಮಾಡಿದರು. ಮಳೆಗಾಲದ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ದೂಡುತ್ತದೆ, ಆಗ ತಳದ ತಣ್ಣೀರು ಮೇಲೆ ಬರುತ್ತದೆ, ಆ ನೀರಿನಲ್ಲಿ ಊಟವಿರುತ್ತದೆ, ಆ ಊಟಕ್ಕೆ ಮೀನು ಬರುತ್ತದೆ.

"ಕಡ್ಲಲ್ಲಿ ಯಾರೂ ಊಟ ಹುಡ್ಕೊಂಡು ಹೋಗಲ್ಲಮ್ಮಾ ಪೂರ್ತಿ. ಅರ್ಧ ಕೆಲಸ ನೀರು ಮಾಡುತ್ತೆ. ಬಳಚು ಇದೆ ನೋಡಿ, ಚಿಪ್ಪಿನೊಳಗೆ ಇರುತ್ತಲ್ಲಾ, ಅದು ಇದ್ದಲ್ಲೇ ಬಾಯಿ ತೆಗ್ದು ಕೂತಿರುತ್ತೆ. ನೀರು ಬಂದು ತಿನ್ನಿಸ್ಬೇಕು. ನೀರು ಬರೋದು ನಿಂತ್ರೆ ಅದಕ್ಕೆ ಎದ್ದು ಹೋಗೋಕೆ ಕಾಲಿಲ್ಲ."

ಆ ಮಾತು ಹೇಳಿ ಎದ್ದು ಹೋದರು. ಅವರು ಎಲ್ಲ ಮೀನನ್ನೂ ತಿನ್ನುತ್ತಿದ್ದರು, ಬಳಚನ್ನು ಮಾತ್ರ ತಿನ್ನುತ್ತಿರಲಿಲ್ಲ. ಭಾಯ್ ಒಮ್ಮೆ ಬುಟ್ಟಿ ತೋರಿಸಿ "ಫ್ರೆಶ್ ಇದೆ ಸಾಬ್" ಎಂದಾಗ ಮುಖ ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ. ಆರೋಗ್ಯಕ್ಕೆ ಆಗುವುದಿಲ್ಲವೇನೋ ಅಂದುಕೊಂಡೆ.

ಇನ್ನು ಕಿತ್ತಳೆ. ಹಣ್ಣಿನ ಅಂಗಡಿಯಲ್ಲಿ ಅವರು ಒಂದು ಬೋಗುಣಿ ನೀರು ಕೇಳುತ್ತಿದ್ದರು. ಕಿತ್ತಳೆಯನ್ನು ಅದರಲ್ಲಿ ಬಿಟ್ಟು, ಹಣ್ಣು ಪೂರ್ತಿ ಮುಳುಗದೆ, ಪೂರ್ತಿ ಮೇಲೂ ಬಾರದೆ, ತಲೆಯಷ್ಟೇ ಕಾಣುವಂತೆ ತೇಲಿದರೆ ಆರಿಸಿಕೊಳ್ಳುತ್ತಿದ್ದರು. ಹಾಗೆ ತೇಲುವ ಹಣ್ಣನ್ನು ಗಾಳಿ ತಳ್ಳಲಾರದು, ನೀರು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಗುತ್ತದಂತೆ. ಬಣ್ಣ ದೂರಕ್ಕೂ ಕಾಣುತ್ತದೆ. ಸಮುದ್ರದ ದಡದಲ್ಲಿ ನೀರಿನ ಓಟ ಅಳೆಯಲು ಅವರ ಕಸುಬಿನವರೆಲ್ಲ ಕಿತ್ತಳೆ ಎಸೆಯುತ್ತಿದ್ದರಂತೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಒಂದು ಕಡೆ, ಕಿತ್ತಳೆ ಒಂದು ಕಡೆ. ಕೊನೆಗೆ ನಂಬುವುದು ಕಿತ್ತಳೆಯನ್ನೇ ಎಂದು ನಗುತ್ತಿದ್ದರು. ಒಮ್ಮೆ ಹಲಸೂರು ಕೆರೆಗೆ ಮೂರು ಕಿತ್ತಳೆ ಎಸೆದು ಕಾವಲುಗಾರನ ಕೈಗೆ ಸಿಕ್ಕಿಬಿದ್ದರು. "ಕೆರೆಗೆ ಕಸ ಹಾಕ್ತೀರಾ, ವಯಸ್ಸಾಗಿಲ್ವಾ?" ಎಂದು ಅವನು ಕೂಗಿದರೆ, ಇವರು ಗಡಿಯಾರ ನೋಡುತ್ತ "ಒಂದ್ನಿಮಿಷ ಇರಪ್ಪ, ಇನ್ನು ನಲ್ವತ್ತು ಸೆಕೆಂಡಿದೆ," ಅಂದರಂತೆ. ಎಸೆಯುವುದು ಯಾವಾಗಲೂ ಮೂರು. ಒಂದು ಸುಳ್ಳು ಹೇಳಬಹುದು, ಎರಡು ಜಗಳ ಆಡಬಹುದು, ಮೂರನೆಯದು ಪಂಚಾಯಿತಿ ಮಾಡುತ್ತದೆ ಎಂಬುದು ಅವರ ಲೆಕ್ಕ.

ನನಗೂ ಅವರಿಗೂ ಎರಡೇ ಸಲ ಜೋರು ಜಗಳ ಆದದ್ದು. ಮೊದಲನೆಯದು ಮೀಟರಿನ ಜಗಳ. ಮಹಡಿಯ ಕರೆಂಟು ಮೀಟರು ತಾರಸಿಯ ಮೇಲಿದೆ. ತಿಂಗಳಿಗೊಮ್ಮೆ ನಾನು ಹತ್ತಿ ಹೋಗಿ ಓದಿ ಬರೆದಿಡುತ್ತಿದ್ದೆ. ಆ ಸಲ ಮೊಣಕಾಲು ನೋವು. ಹೋದ ತಿಂಗಳ ಹಾಗೇ ಇರುತ್ತದೆ ಬಿಡು ಎಂದು ಕೂತಲ್ಲೇ ಬರೆದುಬಿಟ್ಟೆ. ಮರುದಿನ ಚೀಟಿ ಹಿಡಿದುಕೊಂಡು ಇಳಿದು ಬಂದರು.

"ಅಮ್ಮಾ, ಇದು ನೋಡಿ ಬರ್ದಿದ್ದಾ?"

"ಕಾಲು ನೋವ್ರೀ ಸರ್, ಅಂದಾಜು ಹಾಕೀನಿ. ಹೆಚ್ಚಾಗೇದೇನು?"

"ಹೆಚ್ಚೋ ಕಮ್ಮಿನೋ ಅಲ್ಲ! ನೋಡಿಲ್ಲ ಅಂದ್ರೆ 'ನೋಡಿಲ್ಲ' ಅಂತ ಬರೀರಿ. ಖಾಲಿ ಬಿಡಿ. ಖಾಲಿ ಬಿಟ್ರೆ ಯಾರೂ ಸಾಯಲ್ಲ!"

ಮುಖ ಕೆಂಪಾಗಿತ್ತು. ವಿಮಾನಪುರದ ವಿಮಾನ ಕಾರ್ಖಾನೆಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿ ದುಡಿದವಳು ನಾನು, ಎಂಥೆಂಥ ಅಧಿಕಾರಿಗಳ ಕೂಗಾಟ ಕೇಳಿದ್ದೇನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಸಿಟ್ಟು ಕಂಡಿರಲಿಲ್ಲ. ಒಂದು ವಾರ ಮಾತು ಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ ಎಂದು ಆಗ ಹೊಳೆಯಲಿಲ್ಲ.

ಎರಡನೆಯದು ಗೇಟಿನ ಜಗಳ. ಅದರಲ್ಲಿ ತಪ್ಪು ನನ್ನದೇ. ಜೋರು ಮಳೆ ಬಂದಾಗ ನಮ್ಮ ಬೀದಿಯ ನೀರು ಗೇಟಿನೊಳಗೆ ನುಗ್ಗುತ್ತಿತ್ತು. ಮೇಸ್ತ್ರಿಯನ್ನು ಕರೆಸಿ ಗೇಟಿನ ಮುಂದೆ ಸಿಮೆಂಟಿನ ದಿಣ್ಣೆ ಹಾಕಿಸಲು ಹೊರಟೆ. ಅವರು ಬಂದು ನಿಂತು ನೋಡಿ, "ಅಮ್ಮಾ, ನೀರಿಗೆ ಹೋಗ್ಬೇಡ ಅನ್ನೋಕಾಗಲ್ಲ. ಇಲ್ಲಿ ತಡೆದ್ರೆ ಎದುರುಗಡೆ ರೂಮಿಗೆ ಹೋಗುತ್ತೆ," ಅಂದರು. ನನ್ನ ಮನೆ, ನನ್ನ ಗೇಟು, ನಿಮಗ್ಯಾಕೆ ಎಂದೆ. ಎದುರಿನ ನೆಲಮಟ್ಟದ ಕೋಣೆಯಲ್ಲಿ ಯಾದಗಿರಿಯಿಂದ ಬಂದ ಗಾರೆ ಕೆಲಸದ ಸಂಸಾರವಿತ್ತು. ನಮ್ಮ ಕಡೆಯವರೇ. ಹದಿನೈದು ದಿನಕ್ಕೆ ಮಳೆ ಹೊಡೆಯಿತು. ಕಿಟಕಿಯಿಂದ ನೋಡಿದರೆ ನನ್ನ ದಿಣ್ಣೆಗೆ ಬಡಿದ ನೀರು ತಿರುಗಿ ನೇರ ಅವರ ಹೊಸ್ತಿಲು ದಾಟುತ್ತಿದೆ, ಆ ಹೆಂಗಸು ಜೋಳದ ಹಿಟ್ಟಿನ ಡಬ್ಬಿ ತಲೆಯ ಮೇಲೆ ಹೊತ್ತು ನಿಂತಿದ್ದಾಳೆ. ಛತ್ರಿ ಹಿಡಿದು ಹೊರಗೆ ಬರುವಷ್ಟರಲ್ಲಿ ಸರ್ ಆಗಲೇ ಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು ದಿಣ್ಣೆ ಒಡೆಯುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ನೀರು ಅವರ ಮೊಣಕಾಲು ಮುಟ್ಟಿತ್ತು. 'ನಾನು ಹೇಳಿರಲಿಲ್ಲವಾ' ಎಂದು ಅವರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಹೋದ ವರ್ಷ ಜೂನ್ ಕೊನೆಯ ಒಂದು ಮಧ್ಯಾಹ್ನ ಅವರು ಕೆಳಗೆ ಬಂದು, ಎಂದೂ ಕೂರದವರು ನಮ್ಮ ಊಟದ ಮೇಜಿನ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ನೋಟ್ ಪುಸ್ತಕ. ಹಳೆಯ ಸಹೋದ್ಯೋಗಿಯೊಬ್ಬ ಫೋನ್ ಮಾಡಿದ್ದನಂತೆ. ಕರಾವಳಿಯ ಉತ್ತರದ ತುದಿಯಲ್ಲಿ, ನದಿ ಕಡಲು ಸೇರುವ ಒಂದು ಅಳಿವೆಗೆ ಹೊಸದಾಗಿ ತಡೆಗೋಡೆ ಕಟ್ಟುತ್ತಾರಂತೆ. ಜುಲೈಯಲ್ಲಿ ಜನರ ಅಹವಾಲು ಕೇಳುವ ಸಭೆ. ಹೊಸದಾಗಿ ಅಳತೆ ಮಾಡಿಲ್ಲ. ಪಕ್ಕದ ಅಳಿವೆಗೆ ಇಪ್ಪತ್ತು ವರ್ಷದ ಹಿಂದೆ ಇವರು ಬರೆದ ವರದಿಯನ್ನೇ ಆಧಾರ ಮಾಡಿಕೊಂಡಿದ್ದಾರಂತೆ.

"ಒಳ್ಳೇದಾತಲ್ರೀ, ನಿಮ್ಮ ಕೆಲಸಕ್ಕೆ ಇನ್ನೂ ಬೆಲೆ ಅದ," ಎಂದೆ ದಡ್ಡಿ ನಾನು.

ಅವರು ಆ ಹಳೆಯ ಅಳತೆಯ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ನವೆಂಬರ್, ಡಿಸೆಂಬರ್, ಜನವರಿ, ಹಾಳೆಯ ತುಂಬ ಇರುವೆಯಂಥ ಅಕ್ಷರ. ಮೇ ಆದ ಮೇಲೆ ಜೂನ್ ಎಂದು ಬರೆದ ಹಾಳೆ ಖಾಲಿ. ಜುಲೈ ಖಾಲಿ. ಆಗಸ್ಟ್ ಖಾಲಿ.

"ಮೇ ಕೊನೇಲಿ ಸಾಮಾನು ಕಟ್ಟೋದು ನಮ್ಮ ಪದ್ಧತಿ. ಮಳೇಲಿ ದೋಣಿ ಇಳಿಸಲ್ಲ, ಮೆಷಿನ್ ನೀರಿಗೆ ಬಿಟ್ರೆ ಹೋಯ್ತು ಅಂತ ಸ್ಟೋರಲ್ಲಿಟ್ಟು ಬೀಗ. ನಾವೆಲ್ಲ ಬೆಂಗ್ಳೂರಿಗೆ ವಾಪಸ್. ಸೆಪ್ಟೆಂಬರಲ್ಲಿ ವರದಿ ಕೊಡ್ಬೇಕಿತ್ತು. ಮಳೆಗಾಲದ ಕಾಲಂ ಖಾಲಿ ಬಿಟ್ರೆ ವರದಿ ವಾಪಸ್ ಬರುತ್ತೆ, ಇನ್ನೊಂದು ವರ್ಷ ಕಾಯ್ಬೇಕು. ನಾನು ಏಪ್ರಿಲ್‌ದು ಅಂಕಿ ತಗೊಂಡು ಸ್ವಲ್ಪ ಜೋರು ಮಾಡಿ ಹಾಕ್ಬಿಟ್ಟೆ. ಮಳೆಗಾಲ ಅಲ್ವಾ, ಜೋರಿರುತ್ತೆ ಅಂತ. ದಿಕ್ಕು ಮಾತ್ರ ಅದೇ ಇಟ್ಟೆ."

"ಅಂದ್ರ?"

"ಬೇಸಿಗೇಲಿ ಕಡಲಿಗೆ ಮುಖ ಮಾಡಿ ನಿಂತ್ರೆ ದಡದ ನೀರು ಬಲಕ್ಕೆ ಹೋಗುತ್ತೆ. ಮಳೆಗಾಲದಲ್ಲಿ ಎಡಕ್ಕೆ ತಿರುಗುತ್ತೆ ಅಂತ ಓದಿದ್ದೆ. ಆದ್ರೆ ಅಲ್ಲೊಂದು ಗುಡ್ಡ ಚಾಚ್ಕೊಂಡಿದೆ, ಅದರ ಮರೇಲಿ ತಿರುಗಲ್ಲ ಅಂದ್ಕೊಂಡೆ. ಅಂದ್ಕೊಂಡೆ, ಅಷ್ಟೆ."

ಆ ವರದಿಯಂತೆ ಅಳಿವೆಯ ಎಡ ಮಗ್ಗುಲಿಗೆ ಗೋಡೆ ಕಟ್ಟಿದರು, ಎಡದಿಂದ ಬರುವ ಮರಳನ್ನು ತಡೆಯಲು. ಮೊದಲ ಮಳೆಗಾಲದಲ್ಲೇ ಮರಳು ಬಲದಿಂದ ಬಂತು. ಗೋಡೆಗೆ ಬಡಿದು ಮುಂದೆ ಹೋಗಲಾರದೆ ಅಳಿವೆಯ ಬಾಯಲ್ಲೇ ಕೂತಿತು. ಮೂರು ವರ್ಷಕ್ಕೆ ಬಾಯಿ ಕಟ್ಟಿತು. ದಿನಕ್ಕೆರಡು ಸಲ ಒಳಗೆ ಬಂದು ಹೋಗುತ್ತಿದ್ದ ಕಡಲ ನೀರು ಬರುವುದು ಕಡಿಮೆಯಾಯಿತು. ಒಳಗಿನ ಕೆಸರಿನಲ್ಲಿ ತಲೆಮಾರುಗಳಿಂದ ಹೆಂಗಸರು ಆರಿಸುತ್ತಿದ್ದ ಬಳಚು ಬಾಯಿ ತೆರೆದುಕೊಂಡೇ ಸತ್ತಿತು. ಗೋಡೆಯ ಇನ್ನೊಂದು ಮಗ್ಗುಲಿಗೆ ಮರಳು ಸಿಗದೆ ದಡ ಕೊಚ್ಚಿಹೋಯಿತು.

"ಒಬ್ರು ಹೆಂಗಸಿದ್ರಮ್ಮಾ, ಬಳಚು ತೆಗೆಯೋರು. ನಮಗೆ ಗಂಜಿ ಹಾಕಿದ್ರು. ಮೇ ತಿಂಗಳಲ್ಲಿ ನಾವು ಗಂಟು ಕಟ್ಟೋವಾಗ ಬಂದು, 'ಸಾಯ್ಬ್ರೆ, ಮಳ್ಗಾಲ್ದ ನೀರು ಬೇರೆ, ಬ್ಯಾಸ್ಗೆ ನೀರು ಬೇರೆ, ಅದ್ನೂ ಕಂಡ್ಕಂಡು ಹೋಗಿ' ಅಂದ್ರು. ದೋಣಿ ಇಲ್ಲಮ್ಮಾ ಅಂದೆ. ಅವರು ನಕ್ಕಿದ್ರು." ಪುಸ್ತಕ ಮುಚ್ಚಿದರು. "ದಡದಲ್ಲಿ ನಿಂತು ಒಂದು ಕಿತ್ತಳೆ ಎಸೆಯೋಕೆ ದೋಣಿ ಬೇಕಾ?"

ಸಿಟ್ಟು ಬಂದಾಗ ನನಗೆ ಬೆಂಗಳೂರಿನ ಕನ್ನಡ ಮರೆತುಹೋಗುತ್ತದೆ. "ಏನ್ ಮಾಡೀರಿ ಸರ್ ಇದು? ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡು ಕುಂತೀರಲ್ಲ! ಆ ಹೆಣ್ಣುಮಕ್ಕಳ ಹೊಟ್ಟಿ ಮ್ಯಾಲ ಹೊಡದು, ಇಲ್ಲಿ ಬಂದು ನನಗ ಮೀಟರ್ ಪಾಠ ಹೇಳ್ತೀರಿ?" ಎಂದುಬಿಟ್ಟೆ. ಅವರು ತಲೆ ಎತ್ತಲಿಲ್ಲ. ನನ್ನ ಗೇಟಿನ ದಿಣ್ಣೆಯನ್ನು ನೆನಪಿಸಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳೊಂದನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಕೂತಿದ್ದರು.

"ಒಂದ್ಸಲ ಹೋಗಿದ್ದೆ, ಗೋಡೆ ಆದ್ಮೇಲೆ. ಆಯಮ್ಮ ಖಾಲಿ ಬುಟ್ಟಿ ತೋರಿಸಿದ್ರು. ಬೈಲಿಲ್ಲ. ಈಗ ಅವ್ರು ಬಸ್ ಹತ್ತಿ ಪಕ್ಕದ ಅಳಿವೆಗೆ ಹೋಗ್ತಾರಂತೆ ಬಳಚಿಗೆ. ಈಗ ಗೋಡೆ ಕಟ್ತೀವಿ ಅಂತಿರೋದು ಅಲ್ಲೇ. ಅಮ್ಮಾ, ನಾನು ಹೇಳ್ಬೇಕು. ನನ್ನ ಪೆನ್ನಲ್ಲೇ ಆಗಿದ್ದು ಅಂತ ಹೇಳ್ಬೇಕು. ಅಹವಾಲು ಕನ್ನಡದಲ್ಲಿ ಕೊಡ್ಬೇಕಂತೆ, ನನ್ನ ಕನ್ನಡ ಬರವಣಿಗೆ ನಿಮಗೆ ಗೊತ್ತಲ್ಲ. ನೀವು ಟೈಪ್ ಮಾಡ್ಕೊಡ್ತೀರಾ?"

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಅವರು ಇಪ್ಪತ್ತು ವರ್ಷ ಬಾಯಾರಿಕೊಂಡೇ ಇದ್ದರು ಎಂದು ಆ ಮಧ್ಯಾಹ್ನ ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಸಿಟ್ಟಿನಲ್ಲೇ ಟೈಪ್ ಮಾಡಿಕೊಟ್ಟೆ. ಎರಡು ಪುಟ. 'ಜೂನ್, ಜುಲೈ, ಆಗಸ್ಟ್ ತಿಂಗಳ ಅಂಕಿಗಳನ್ನು ನಾನು ನೋಡದೆ ಬರೆದೆ' ಎಂಬುದು ಮೊದಲ ಸಾಲು. ಅದಕ್ಕಿಂತ ಮುಂಚೆ ವಂದನೆ, ಪೀಠಿಕೆ ಏನೂ ಬೇಡ ಎಂದು ಹಟ ಮಾಡಿದರು.

ಸಭೆಗೆ ಅವರೇ ಹೋಗುವವರಿದ್ದರು. ಟಿಕೆಟ್ಟೂ ಆಗಿತ್ತು. ಹಿಂದಿನ ದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಉಸಿರು ಕಟ್ಟಿ ಕೂತುಬಿಟ್ಟರು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಶ್ವಾಸಕೋಶದಲ್ಲಿ ನೀರು ತುಂಬಿದೆ, ಅಲುಗಾಡಬಾರದು ಎಂದರು. ಈಜು ಬಾರದ ಮನುಷ್ಯನೊಳಗೆ ನೀರು! ಅವರಿಗೇ ನಗು ಬಂತು. ನಗಲು ಹೋಗಿ ಕೆಮ್ಮಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು, ಮೊದಲ ಸಲ.

"ನೀವು ಹೋಗ್ಬನ್ನಿ ಅಮ್ಮಾ."

"ನಾನೇನ್ ಎಂಜಿನಿಯರೇನ್ರೀ? ಸಮುದ್ರಾನೇ ನೋಡಿಲ್ಲ ನಾ."

"ಅದಕ್ಕೇ. ನೀವು ನೋಡಿದ್ದನ್ನ ಮಾತ್ರ ಹೇಳ್ತೀರಾ. ಬ್ಯಾಗಲ್ಲಿ ಮೂರು ಕಿತ್ತಳೆ ಇದೆ, ನೀರಲ್ಲಿ ಬಿಟ್ಟು ನೋಡಿದ್ದೀನಿ. ಎಸೆದ ಜಾಗದಲ್ಲಿ ಒಂದು ಕೋಲು ನೆಡಿ. ಎರಡು ನಿಮಿಷ. ಎಷ್ಟು ಹೆಜ್ಜೆ, ಯಾವ ಕಡೆ. ಅಷ್ಟೇ."

ಮರುದಿನ ನಾನು ಆ ಊರಿನಲ್ಲಿ ಇಳಿದಾಗ ಮಳೆ ಧೋ ಎನ್ನುತ್ತಿತ್ತು. ಶಾಲೆಯ ಸಭಾಂಗಣದಲ್ಲಿ ಸಭೆ. ನನ್ನ ಸರದಿ ಬಂದಾಗ ಎದ್ದು ಓದಿದೆ. ಮೊದಲ ಸಾಲಿಗೇ ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಮೇಜಿನ ಹಿಂದಿದ್ದ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

"ಬರೆದವರು ಬಂದಿಲ್ವಾ?"

"ದವಾಖಾನ್ಯಾಗ ಇದ್ದಾರ್ರೀ."

"ನೀವು ಈ ವಿಷಯದ ತಜ್ಞರಾ? ಮಳೆಗಾಲದಲ್ಲಿ ಇಲ್ಲಿ ನೀರು ಯಾವ ಕಡೆ ಹೋಗುತ್ತೆ ಅಂತ ನೀವು ನೋಡಿದ್ದೀರಾ?"

"ಇಲ್ರೀ. ನೋಡಿಲ್ಲ," ಅಂದೆ. ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು ಆಗ! ಅವರೂ ಇಪ್ಪತ್ತು ವರ್ಷದ ಹಿಂದೆ ಇಂಥದೇ ಒಂದು ಗಳಿಗೆಯಲ್ಲಿ ನಿಂತಿದ್ದರಲ್ಲ ಎಂದು ನೆನಪಾಯಿತು.

"ದಾಖಲು ಮಾಡ್ಕೋತೀವಿ, ಕೂತ್ಕೊಳ್ಳಿ," ಎಂದು ಕಾಗದ ತೆಗೆದುಕೊಂಡರು.

ಹೊರಗೆ ಬಂದಾಗ ಒಬ್ಬ ಮುದುಕಿ ಬಂದು ಎದುರು ನಿಂತಳು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಕೈಬೆರಳುಗಳಲ್ಲಿ ಚಿಪ್ಪು ಕೊಯ್ದ ಹಳೆಯ ಗೀರುಗಳು. "ಕಿತ್ಲೆ ಹಣ್ಣಿನ ಸಾಯ್ಬ್ರು ಕಳ್ಸಿದ್ರಾ ನಿಮ್ಮ?" ಎಂದಳು. ಕೇಳಬೇಕಾಗಿರಲಿಲ್ಲ ಯಾರೆಂದು. "ಹೌದವ್ವ," ಎಂದೆ. ಕ್ಷಮೆ ಕೇಳುತ್ತಾರೆ ಎಂದು ಹೇಳಬೇಕೆನಿಸಿತು. ಅವರು ಅದನ್ನು ಹೇಳಿ ಕಳಿಸಿರಲಿಲ್ಲ, ನಾನೂ ಹೇಳಲಿಲ್ಲ. ಚೀಲದಿಂದ ಕಿತ್ತಳೆ ತೆಗೆದು ತೋರಿಸಿದೆ. ಅವಳು ಏನೂ ಕೇಳದೆ, ಗೋಡೆ ಬರಲಿರುವ ಅಳಿವೆಯ ದಡದ ಕಡೆಗೆ ಮುಂದೆ ನಡೆದಳು.

ಅರವತ್ತೊಂದನೆಯ ವಯಸ್ಸಿನಲ್ಲಿ ಸಮುದ್ರವನ್ನು ಮೊದಲ ಸಲ ಕಂಡೆ. ಚಂದ ಎಂದು ಹೇಳುತ್ತಾರಲ್ಲ, ನನಗೆ ಹಾಗೇನೂ ಅನ್ನಿಸಲಿಲ್ಲ. ಹೆದರಿಕೆಯಾಯಿತು. ಕೆಂಪು ಮಣ್ಣಿನ ಬಣ್ಣದ ನೀರು, ಆಳೆತ್ತರದ ಅಲೆ. ಕೋಲು ಸಿಗಲಿಲ್ಲ, ಛತ್ರಿಯನ್ನೇ ಮಡಚಿ ಮರಳಲ್ಲಿ ನೆಟ್ಟೆ. ಮೈಯೆಲ್ಲ ತೊಯ್ದುಹೋಯಿತು. ಮೊದಲ ಕಿತ್ತಳೆ ಎಸೆದೆ. ಅಲೆ ಅದನ್ನು ತಂದು ನನ್ನ ಪಾದದ ಹತ್ತಿರವೇ ಹಾಕಿತು. "ನಿಮ್ಮ ಕೈಯಾಗೆ ಆಗುದಿಲ್ಲ, ಕೊಡಿ," ಎಂದು ಮುದುಕಿ ಉಳಿದೆರಡನ್ನು ತೆಗೆದುಕೊಂಡಳು. ಒಂದಾದ ಮೇಲೊಂದು, ಅಲೆ ಒಡೆಯುವ ಜಾಗದಿಂದಾಚೆಗೆ ಬೀಳುವಂತೆ ಎಸೆದಳು. ಎರಡು ಕಿತ್ತಳೆ ಬಣ್ಣದ ಚುಕ್ಕೆಗಳು ಸ್ವಲ್ಪ ಹೊತ್ತು ಇದ್ದಲ್ಲೇ ಕುಣಿದವು. ಆಮೇಲೆ ಹೊರಟವು. ಎಡಕ್ಕೆ. ಒಂದರ ಹಿಂದೆ ಒಂದು, ಎರಡೂ ಎಡಕ್ಕೆ. ನಾವಿಬ್ಬರೂ ದಡದಲ್ಲಿ ಅವುಗಳ ಜೊತೆ ನಡೆದೆವು.

ತಗಡಿನ ಮಾಡಿನ ಕೆಳಗೆ ನಿಂತು ಆಸ್ಪತ್ರೆಗೆ ಫೋನ್ ಮಾಡಿದೆ.

"ಎಡಕ್ಕ ಹೋದ್ವು ಸರ್. ಎರಡೂ. ನಲವತ್ತೊಂದು ಹೆಜ್ಜಿ. ಆ ಬಳಚಿನ ಅವ್ವನೂ ಜೊತಿಗಿದ್ದಾಳ."

ಆ ಕಡೆ ಉಸಿರಿನ ಸದ್ದು ಮಾತ್ರ. ಅಳುತ್ತಿದ್ದಾರೆ ಎಂದು ಗೊತ್ತಾಯಿತು. ನನಗೂ ತಡೆಯಲಾಗಲಿಲ್ಲ. ಆಮೇಲೆ ಕೇಳಿದರು.

"ನಿಮ್ಮ ಹೆಜ್ಜೆನಾ, ಆಯಮ್ಮನ ಹೆಜ್ಜೆನಾ?"

"ನನ್ನದು."

"ಟೈಮ್ ಎಷ್ಟು?"

"ನಾಕೂ ಹತ್ತು."

"ಬರ್ಕೊಳ್ಳಿ ಅಮ್ಮಾ. ಮೊದಲನೇದು ವಾಪಸ್ ಬಂತು ಅಲ್ವಾ, ಅದನ್ನೂ ಬರ್ಕೊಳ್ಳಿ."

ಮೊದಲನೆಯದು ವಾಪಸ್ ಬಂದದ್ದನ್ನು ನಾನು ಹೇಳಿರಲಿಲ್ಲ. 'ಎರಡೂ' ಎಂದದ್ದರಿಂದಲೇ ಗೊತ್ತುಮಾಡಿಕೊಂಡಿದ್ದರು. ಮುದುಕಿ ಪಕ್ಕದಲ್ಲಿ ಸೆರಗು ಹಿಂಡುತ್ತಿದ್ದಳು. ಮಾತಾಡ್ತೀಯಾ ಎಂದು ಫೋನ್ ಅವಳತ್ತ ಹಿಡಿದೆ. ಬೇಡ ಎಂದು ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ಎಂಟು ದಿನಕ್ಕೆ ಅವರು ಹೋದರು. ಕಲ್ಪಳ್ಳಿ ಸ್ಮಶಾನಕ್ಕೆ ನಾನು, ಎದುರು ಕೋಣೆಯ ಯಾದಗಿರಿಯ ಗಂಡಹೆಂಡತಿ, ಇನ್ನಿಬ್ಬರು. ಅಷ್ಟೇ ಜನ. ನೋಟ್ ಪುಸ್ತಕ ನನ್ನ ಹತ್ತಿರವೇ ಉಳಿಯಿತು. ಜುಲೈ ಎಂಬ ಹಾಳೆಯಲ್ಲಿ ಈಗ ನನ್ನ ದಪ್ಪ ಅಕ್ಷರದ ಮೂರು ಸಾಲಿದೆ. ಅವರ ಇರುವೆ ಅಕ್ಷರದ ಪಕ್ಕ ಎತ್ತಿನಗಾಡಿ ನಿಲ್ಲಿಸಿದ ಹಾಗೆ ಕಾಣುತ್ತದೆ.

ಸಭೆಯ ನಿರ್ಧಾರ ಏನಾಯಿತೆಂದು ಯಾರೂ ತಿಳಿಸಲಿಲ್ಲ. ಎರಡು ಪತ್ರ ಬರೆದೆ, ಉತ್ತರವಿಲ್ಲ. ಹೋದ ತಿಂಗಳು ಮುದುಕಿ ಫೋನ್ ಮಾಡಿದ್ದಳು. ಲಾರಿಗಳು ಬಂದು ಅಳಿವೆಯ ರಸ್ತೆಯ ಪಕ್ಕ ಕಲ್ಲು ಸುರಿದು ಹೋಗಿವೆಯಂತೆ. "ಇನ್ನೂ ಕಟ್ಟುಕೆ ಸುರು ಮಾಡ್ಲಿಲ್ಲ ಅಮಾ. ಬರೇ ಕಲ್ಲು," ಎಂದಳು. ಒಂದೇ ದಿನದ ಮೂರು ಸಾಲಿಗೆ ಯಾರು ಕಿವಿ ಕೊಡುತ್ತಾರೆ? ಮಳೆಗಾಲವೆಂದರೆ ಮೂರು ತಿಂಗಳು, ಹಾಳೆಯೂ ಮೂರು.

ಶಿವಾಜಿನಗರದಲ್ಲಿ ಭಾಯ್‌ಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಹಣ್ಣಿನ ಸಾಲಿಗೆ ಹೋದೆ. ಜೂನ್‌ನಲ್ಲಿ ನಮ್ಮ ಕಿತ್ತಳೆ ಬರುವುದಿಲ್ಲ, ಹೊರದೇಶದ್ದು, ಮೈಮೇಲೆ ಚೀಟಿ ಅಂಟಿಸಿಕೊಂಡದ್ದು. ಒಂದು ಬೋಗುಣಿ ನೀರು ಕೇಳಿದೆ. ಅಂಗಡಿಯವನು ವಿಚಿತ್ರವಾಗಿ ನೋಡಿ, "ಅದು ಬೇಡ ಅಮ್ಮಾ, ಹುಳಿ ಇರುತ್ತೆ, ತಿನ್ನೋಕಾಗಲ್ಲ," ಅಂದ.

"ಇರ್ಲಿ ಬಿಡಪ್ಪ," ಎಂದು ತಲೆಯಷ್ಟೇ ಕಾಣುವಂತೆ ತೇಲಿದ ಮೂರನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ. ನಾಡಿದ್ದು ಅಳಿವೆ ಕಡೆಗೆ ನನ್ನ ಬಸ್ಸು. ಜೂನ್ ಹಾಳೆ ಇನ್ನೂ ಖಾಲಿ ಇದೆ.